ಚಿತ್ರ ನಡೆಯತೊಡಗಿದ ಮಳೆಗಾಲ

ಹೋದ ತಿಂಗಳು ನಮ್ಮ ನೆರೂಳದ ಮನೆಗೆ ಒಂದು ಪಾರ್ಸೆಲ್ ಬಂತು. ಮಗಳು ಫೋನಿನಲ್ಲೇ ಬೆರಳಾಡಿಸಿ ತರಿಸಿದ್ದ ಅಂಜಲ್ ಮೀನು. ಬಿಳಿಯ ಥರ್ಮೋಕೋಲ್ ಡಬ್ಬಿಯ ಮುಚ್ಚಳ ತೆಗೆದೆ. ಮೀನಿನ ವಾಸನೆಗೂ ಮೊದಲು, ಕರಗುತ್ತಿದ್ದ ಐಸ್ ಚೀಲಗಳ, ಒದ್ದೆ ಥರ್ಮೋಕೋಲಿನ ತಣ್ಣನೆಯ ಮಂಕು ವಾಸನೆ ಮೂಗಿಗೆ ಬಡಿಯಿತು. ಅಷ್ಟೇ ಸಾಕಾಯಿತು. ಮುಚ್ಚಳ ಕೈಯಲ್ಲಿ ಹಿಡಿದು ಅಡುಗೆಮನೆಯಲ್ಲಿ ನಿಂತಲ್ಲೇ ನಾನು ಠಾಣೆಯ ವಾಗ್ಳೆ ಎಸ್ಟೇಟಿಗೆ ಹೋಗಿಬಿಟ್ಟೆ. "ಅಮ್ಮಾ, ಪಾನೀ ಟಪಕ್ ರಹಾ ಹೈ", ನೀರು ತೊಟ್ಟಿಕ್ಕುತ್ತಿದೆ ಎಂದು ಮಗಳು ಕೂಗಿದ ಮೇಲೆಯೇ ವಾಪಸು ಬಂದದ್ದು.

ಇಡೀ ಮುಂಬೈ ಮುಳುಗಿದ ಆ ದೊಡ್ಡ ಮಳೆಯಾಗಿ ಕೆಲವು ವರ್ಷ ಕಳೆದ ಮೇಲಿನ ಒಂದು ಮಳೆಗಾಲ ಅದು. ನನಗಾಗ ಮದುವೆಯಾಗಿರಲಿಲ್ಲ. ಡೊಂಬಿವಲಿ ಪೂರ್ವದಲ್ಲಿ ಅಮ್ಮ, ಅಣ್ಣ ದಿನೇಶ ಮತ್ತು ನಾನು. ಉಡುಪಿ ಕಡೆಯಿಂದ ಬಂದ ಅಪ್ಪ ಜೀವಮಾನವಿಡೀ ಇನ್ನೊಬ್ಬರ ಹೋಟೆಲಿನ ಗಲ್ಲಾದಲ್ಲಿ ಕೂತು, ನಮಗೊಂದು ಎರಡು ಕೋಣೆಯ ಮನೆ ಮಾಡಿಟ್ಟು ತೀರಿಕೊಂಡಿದ್ದರು. ನಾನು ವಾಗ್ಳೆ ಎಸ್ಟೇಟಿನಲ್ಲಿ, ಔಷಧ ಹಂಚುವ ಒಂದು ಕಂಪನಿಯ ಕಂಪ್ಯೂಟರ್ ವಿಭಾಗದಲ್ಲಿ ಕೆಲಸಕ್ಕಿದ್ದೆ. ತಣ್ಣಗಿಟ್ಟೇ ಸಾಗಿಸಬೇಕಾದ ಔಷಧಗಳನ್ನು ಆ ಕಂಪನಿ ನರ್ಸಿಂಗ್ ಹೋಮುಗಳಿಗೆ ಮುಟ್ಟಿಸುತ್ತಿತ್ತು. ಲಸಿಕೆ, ಇನ್ಸುಲಿನ್, ಮತ್ತೆ ಅಣ್ಣನಿಗೆ ಬೇಕಾಗುತ್ತಿದ್ದ ಇಂಜೆಕ್ಷನ್. ನಾನು ಅಲ್ಲಿಗೆ ಅರ್ಜಿ ಹಾಕಿದ್ದೇ ಆ ಕೊನೆಯದರ ಸಲುವಾಗಿ.

ಅಣ್ಣನಿಗೆ ಹುಟ್ಟಿನಿಂದ ರಕ್ತ ಹೆಪ್ಪುಗಟ್ಟದ ಕಾಯಿಲೆ. ಕೈ ಕೊಯ್ದುಕೊಂಡರೆ ಅಪಾಯ ಎಂದು ಜನ ತಿಳಿಯುತ್ತಾರೆ. ನಿಜವಾದ ಕಾಟ ಒಳಗಿನದು. ಮೊಣಕಾಲಿಗೆ ಒಂದು ಸಣ್ಣ ಪೆಟ್ಟು ಬಿದ್ದರೂ ಕೀಲಿನ ಒಳಗೇ ರಕ್ತ ಸೋರಿ, ಕಾಲು ಊದಿ, ಅವನು ಹಲ್ಲು ಕಚ್ಚಿಕೊಂಡು ಗೋಡೆ ನೋಡುತ್ತಾ ಮಲಗುತ್ತಿದ್ದ. ಇಂಜೆಕ್ಷನ್ ಬೇಗ ಸಿಕ್ಕರೆ ಸೋರುವುದು ನಿಲ್ಲುತ್ತದೆ. ತಡವಾದಷ್ಟೂ ಕೀಲು ಹಾಳು. ಎಡ ಮೊಣಕಾಲು ಆಗಲೇ ಅರ್ಧ ಹಾಳಾಗಿತ್ತು. ಡಾಕ್ಟರು ಸುತ್ತಿ ಬಳಸದೆ ಹೇಳಿಬಿಟ್ಟಿದ್ದರು: ಇದಕ್ಕೆ ಇನ್ನೊಮ್ಮೆ ತಡವಾದರೆ ನಿನ್ನ ಕಾಲಿನ ಮೇಲೆ ನೀನು ನಡೆಯುವುದನ್ನು ಮರೆತುಬಿಡು. ಡೊಂಬಿವಲಿಯಲ್ಲಿ ಇದ್ದುಕೊಂಡು ಲೋಕಲ್ ರೈಲು ಹತ್ತಲಾಗದ ಮನುಷ್ಯ ಅವನು. ಆ ನೂಕುನುಗ್ಗಲಿನಲ್ಲಿ ಒಂದು ಮೊಣಕೈ ತಗುಲಿದರೆ ಹದಿನೈದು ದಿನ ಹಾಸಿಗೆ. ಹಾಗಾಗಿ ಮನೆಯಲ್ಲೇ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತಿದ್ದ. ಬಾಯಿಗೆ ಮಾತ್ರ ಯಾವ ಕಾಯಿಲೆಯೂ ಇರಲಿಲ್ಲ. ನಮ್ಮ ಕಟ್ಟಡದ ಅಷ್ಟೂ ಮಂದಿಗೆ ಅಡ್ಡಹೆಸರಿಟ್ಟವನು ಅವನೇ.

ಆ ಇಂಜೆಕ್ಷನ್ ಆಗ ಮನೆಯಲ್ಲಿ ತಂದಿಟ್ಟುಕೊಳ್ಳುವಷ್ಟು ಸಿಗುತ್ತಿರಲಿಲ್ಲ. ಬೇಕಾದಾಗ ನರ್ಸಿಂಗ್ ಹೋಮಿನವರು ತರಿಸಿಕೊಡಬೇಕು. ನಮ್ಮ ಕಂಪನಿಗೆ ಮೂರು ಕಡೆ ತಣ್ಣನೆಯ ಗೋದಾಮು: ವಾಗ್ಳೆ ಎಸ್ಟೇಟ್, ಕಲ್ಯಾಣ, ನೆರೂಳ. ಒಂದರಲ್ಲಿ ಏನಿದೆಯೆಂದು ಇನ್ನೊಂದಕ್ಕೆ ಗೊತ್ತಿಲ್ಲ. ಹಿಂದಿನ ಮಳೆಗಾಲಗಳಲ್ಲಿ ಅಮ್ಮನೇ ಫೋನಿನ ಪಕ್ಕ ಸ್ಟೂಲ್ ಎಳೆದುಕೊಂಡು ಕೂತು ಒಂದೊಂದಾಗಿ ಕೇಳುತ್ತಿದ್ದರು. ಠಾಣೆಯವರು ಕಲ್ಯಾಣ ಕೇಳಿ ಎನ್ನುತ್ತಿದ್ದರು, ಕಲ್ಯಾಣದವರು ಊಟಕ್ಕೆ ಹೋಗಿರುತ್ತಿದ್ದರು. ನೆರೂಳದಲ್ಲಿ ಇತ್ತು ಎಂಬುದು ಮರುದಿನ ತಿಳಿಯುತ್ತಿತ್ತು. ಎಡ ಮೊಣಕಾಲು ಅರ್ಧ ಹೋದದ್ದು ಅಂಥದೇ ಒಂದು ದಿನ.

ಆ ವರ್ಷ ಮೇ ತಿಂಗಳಲ್ಲಿ ಪ್ರಸನ್ನ ಎಂಬವರು ನಮ್ಮ ವಿಭಾಗಕ್ಕೆ ಮುಖ್ಯಸ್ಥರಾಗಿ ಬಂದರು. ಮೈಸೂರಿನವರು, ಬೆಂಗಳೂರಿನಲ್ಲಿ ಕೆಲಸ ಮಾಡಿ ಪಳಗಿದವರು, ಹೆಂಡತಿಯ ಜೊತೆ ನೆರೂಳದಲ್ಲಿ ಬಾಡಿಗೆಗೆ ಮನೆ ಹಿಡಿದಿದ್ದರು. ಸೆಕೆಗೆ ಒದ್ದಾಡುತ್ತಾ, ಕರವಸ್ತ್ರದಲ್ಲಿ ಕತ್ತು ಒರೆಸಿಕೊಳ್ಳುತ್ತಾ, ಮೊದಲ ದಿನವೇ ನನ್ನ ಕಂಪ್ಯೂಟರಿನಲ್ಲಿ ಒಂದು ಹೊಸ ಪ್ರೋಗ್ರಾಂ ತೆರೆದು ಕೊಟ್ಟರು.

"ಕೋಡ್ ಬರೆಯೋದು ಆಮೇಲೆ ಜಯಶ್ರೀ. ಮೊದಲು ಕೆಲಸ ಹೇಗೆ ನಡೆಯತ್ತೆ ಅನ್ನೋದನ್ನ ಚಿತ್ರ ಬರೀರಿ. ಸರಿಯಾಗಿ ಬರೆದ್ರೆ, ಆ ಚಿತ್ರವೇ ಕೆಲಸ ಮಾಡತ್ತೆ."

ನಾನು ನಕ್ಕುಬಿಟ್ಟೆ. ಚಿತ್ರ ಕೆಲಸ ಮಾಡುವುದೆಂದರೇನು? ಪರದೆಯ ಎಡಗಡೆ ಒಂದು ಪಟ್ಟಿಯಲ್ಲಿ ಸಣ್ಣ ಸಣ್ಣ ಆಕಾರಗಳಿದ್ದವು. ಆರಂಭಕ್ಕೊಂದು ವೃತ್ತ, ಕೆಲಸಕ್ಕೊಂದು ಚೌಕ, ಹೌದೋ ಅಲ್ಲವೋ ಎಂದು ಕೇಳಲು ಓರೆ ಚೌಕ, ಸಂದೇಶಕ್ಕೆ ಲಕೋಟೆ, ಕಾಯುವುದಕ್ಕೆ ಗಡಿಯಾರ. ಮೌಸಿನಿಂದ ಹಿಡಿದು ಎಳೆದು ಬಿಳಿಯ ಜಾಗದಲ್ಲಿ ಬಿಡುವುದು, ಒಂದರಿಂದ ಇನ್ನೊಂದಕ್ಕೆ ಬಾಣ ಹಾಕುವುದು. ಎಲ್ಲಿಯಾದರೂ ಬಾಣ ಮರೆತರೆ ಆ ಚೌಕದ ಮೂಲೆಯಲ್ಲಿ ಕೆಂಪು ಗುರುತು ಮೂಡುತ್ತಿತ್ತು. ಸಂಜೆ ಮನೆಯಲ್ಲಿ ಹೇಳಿದಾಗ ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಮನೆಯಲ್ಲಿ ನಮ್ಮದು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅಂದರೆ ಕಂಪನಿಯವರು ನಿನಗೆ ರಂಗೋಲಿ ಹಾಕಲಿಕ್ಕೆ ಸಂಬಳ ಕೊಡುವುದು! ಅಮ್ಮಾ, ನೀವು ಇಷ್ಟು ವರ್ಷ ಪುಕ್ಕಟೆ ಹಾಕಿದಿರಲ್ಲ ಮಾರಾಯ್ರೆ."

ಜೂನ್ ತಿಂಗಳಿಡೀ ನಾನು ಬರೆದೆ. ನರ್ಸಿಂಗ್ ಹೋಮಿನಿಂದ ಆರ್ಡರ್ ಬರುತ್ತದೆ. ಮೂರು ಗೋದಾಮುಗಳನ್ನೂ ಒಟ್ಟಿಗೇ ಕೇಳು, ಮೊದಲು 'ಇದೆ' ಎಂದವರಿಂದ ತೆಗೆದಿರಿಸು. ಅಲ್ಲಿಯ ವ್ಯಾನಿನ ಡ್ರೈವರಿಗೆ ಎಸ್ಸೆಮ್ಮೆಸ್ ಕಳಿಸು, ಅವನ ಉತ್ತರಕ್ಕೆ ಕಾಯಿ. ಬಂದರೆ ಮುಂದೆ ಹೋಗು, ಬಾರದಿದ್ದರೆ ಗಡಿಯಾರದ ದಾರಿ ಹಿಡಿ. ಆರ್ಡರ್ ತೆಗೆದುಕೊಳ್ಳುವ ಕಂಪ್ಯೂಟರ್, ಗೋದಾಮಿನ ಕಂಪ್ಯೂಟರ್, ಬಿಲ್ ಮಾಡುವ ಕಂಪ್ಯೂಟರ್ ಬೇರೆ ಬೇರೆ ಕಾಲದವು, ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ಅದಕ್ಕೆ ಬೇರೆಯೇ ಒಂದು ಪುಟವಿತ್ತು. ಎಡಗಡೆ ಇವರ ಪದಗಳು, ಬಲಗಡೆ ಅವರ ಪದಗಳು, ನಡುವೆ ನಾವು ಗೆರೆ ಎಳೆಯಬೇಕು: ಇಲ್ಲಿ 'ಔಷಧ' ಎಂದರೆ ಅಲ್ಲಿ 'ಐಟಂ', ಇಲ್ಲಿಯ 'ತುರ್ತು' ಅಲ್ಲಿಯ 'ಎ'. ಗೆರೆಗಳು ಹೆಚ್ಚಾದ ಹಾಗೆ ಪುಟ ಮಗ್ಗದ ಹಾಗೆ ಕಾಣುತ್ತಿತ್ತು. ಮೂರು ಕಡೆಯವರೂ ಒಬ್ಬರಿಗೊಬ್ಬರು ಮುಖ ಕೊಡದೆ ಎಷ್ಟು ವರ್ಷ ಸಂಸಾರ ಮಾಡಿದ್ದರಲ್ಲ ಎಂದು ನನಗೆ ಸೋಜಿಗ.

ಪ್ರಸನ್ನ ಒಂದು ವಿಷಯದಲ್ಲಿ ಮಾತ್ರ ಹಟ ಹಿಡಿದರು. ಮುಂದಕ್ಕೆ ಹೋಗುವ ಪ್ರತಿ ಹೆಜ್ಜೆಗೂ ಹಿಂದಕ್ಕೆ ಬರುವ ಚುಕ್ಕಿ ಗೆರೆಯ ಬಾಣ ಇರಲೇಬೇಕು. ತೆಗೆದಿರಿಸಿದ್ದನ್ನು ಬಿಟ್ಟುಕೊಡುವುದು, ಕಳಿಸಿದ್ದನ್ನು ಬೇಡವೆನ್ನುವುದು, ಎಲ್ಲವೂ. ಚಿತ್ರ ಇಮ್ಮಡಿಯಾಯಿತು. ಎರಡು ವಾರ ನಾನು ಮುಖ ಊದಿಸಿಕೊಂಡೇ ಬರೆದೆ.

ಅದು ಮೊದಲ ಸಲ ನಡೆದ ದಿನ ನನಗೆ ಚೆನ್ನಾಗಿ ನೆನಪಿದೆ. ಹೊರಗೆ ಮಳೆ, ಕಿಟಕಿಯ ಕೆಳಗೆ ಕಾರ್ಖಾನೆಯ ಶೀಟಿನ ಮಾಡಿನ ಮೇಲೆ ಸದ್ದೋ ಸದ್ದು. ಪ್ರಸನ್ನ ಒಂದು ಗುಂಡಿ ಒತ್ತಿ ಕೈಕಟ್ಟಿ ಕೂತರು. ಎಡಗಡೆಯ ವೃತ್ತ ಹಸಿರಾಯಿತು. ಪಕ್ಕದ ಚೌಕ ಹಸಿರಾಯಿತು. ಬಾಣ ಮೂರು ಕವಲಾದಲ್ಲಿ ಮೂರೂ ಒಟ್ಟಿಗೆ ಹಸಿರಾದವು. ನಮ್ಮ ಕೆಳಗಿನ ಮಹಡಿಯಲ್ಲೇ ಗೋದಾಮು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಪ್ರಿಂಟರ್ ಕಿರುಗುಟ್ಟಿದ್ದು ಕೇಳಿಸಿತು, ಯಾರೋ ತಣ್ಣನೆಯ ಕೋಣೆಯ ಭಾರದ ಬಾಗಿಲು ಎಳೆದರು, ವ್ಯಾನ್ ಸ್ಟಾರ್ಟ್ ಆಯಿತು. ನಾನು ಕಿಟಕಿಗೆ ಓಡಿದೆ. ಡಬ್ಬಿ ಹೊತ್ತ ವ್ಯಾನು ಗೇಟು ದಾಟಿ ಮಳೆಯಲ್ಲಿ ಹೋಗುತ್ತಿತ್ತು. ನಾನು ಎಳೆದ ಒಂದು ಬಾಣ ಅದನ್ನು ಹೊರಡಿಸಿತ್ತು. ನನ್ನ ಮೈ ಜುಮ್ಮೆಂದಿತು. ದೇವರ ಎದುರು ಕೂಡ ನನಗೆ ಹಾಗೆ ಆದದ್ದು ಕಡಿಮೆ.

ಬೆರಗು ಬಹಳ ದಿನ ನಿಲ್ಲಲಿಲ್ಲ. ಜುಲೈ ಮೊದಲಲ್ಲಿ ಪೂರ್ತಿ ಕೆಲಸ ಚಿತ್ರಕ್ಕೆ ಒಪ್ಪಿಸಿದ ವಾರವೇ ಕಲ್ಯಾಣದ ಒಂದು ನರ್ಸಿಂಗ್ ಹೋಮಿನ ಎದುರು ಒಂದೇ ಆರ್ಡರಿಗೆ ಎರಡು ವ್ಯಾನು ಹೋಗಿ ನಿಂತವು. ಇಬ್ಬರು ಡ್ರೈವರುಗಳೂ ಒಟ್ಟಿಗೆ ಚಹಾ ಕುಡಿದು ವಾಪಸು ಬಂದರು. ಮರುದಿನವೂ ಅದೇ. ವಿಚಾರಿಸಿದರೆ, ಮೊದಲ ಡ್ರೈವರ್ ಎಸ್ಸೆಮ್ಮೆಸ್ಸಿಗೆ ಉತ್ತರಿಸಿಯೇ ಇರಲಿಲ್ಲ. ಗಡಿಯಾರ ಕಾದು ಕಾದು, ಅವನು ಇಲ್ಲವೆಂದು ತಿಳಿದು ಇನ್ನೊಬ್ಬನನ್ನು ಹೊರಡಿಸಿತ್ತು. ಬೇಡವೆಂಬ ಸಂದೇಶವನ್ನು ಗಾಡಿ ಓಡಿಸುತ್ತಿದ್ದ ಅವನು ನೋಡಿರಲೇ ಇಲ್ಲ. ಆ ಮೊದಲ ಡ್ರೈವರನ್ನು ಪ್ರಸನ್ನ ಮೇಲೆ ಕರೆಸಿದರು. ಬಸವರಾಜ ಎಂದು, ಕಲಬುರಗಿ ಕಡೆಯವನು, ದಿವಾದಲ್ಲಿ ಮನೆ. ಅವನ ದನಿಗೆ ನಮ್ಮ ಕಿಟಕಿಯ ಗಾಜೂ ನಡುಗುತ್ತಿತ್ತು.

"ಎಸ್ಸೆಮ್ಮೆಸ್ ಬರಕೋಂತ ಕುಂತ್ರ ಸ್ಟೇರಿಂಗ್ ಯಾರು ಹಿಡೀಬೇಕ್ರಿ ಸಾಹೇಬ್ರ? ನಾ ಮಿಸ್ ಕಾಲ್ ಕೊಟ್ಟೇನಲ್ಲ!"

"ಯಾರಿಗೆ ಕೊಟ್ರಿ?"

"ಮೆಸೇಜ್ ಬಂದ ನಂಬರಿಗೇ ರೀ. ಅದು ಎತ್ತಲಿಲ್ಲ. ಎತ್ತಲಿಲ್ಲ ಅಂದಮ್ಯಾಲ ಮುಟ್ಟೇತಿ ಅಂತ ಅರ್ಥ."

"ಅಲ್ಲ ಕಣ್ರೀ, ಕಂಪ್ಯೂಟರ್‌ಗೆ ಮಿಸ್ಡ್ ಕಾಲ್ ಕೊಟ್ರೆ ಅದಕ್ಕೆ ಹೇಗ್ರೀ ಗೊತ್ತಾಗತ್ತೆ?"

"ಮನ್ಯಾಗ ಹೆಂಡ್ತಿಗೆ ಗೊತ್ತಾಗ್ತೈತಿ, ಇದಕ್ಕ್ಯಾಕ ಗೊತ್ತಾಗಬಾರ್ದು?"

ಪ್ರಸನ್ನ ಬಾಯಿ ತೆರೆಯುವಷ್ಟರಲ್ಲಿ ಅವರದೇ ಜೇಬಿನಲ್ಲಿ ಫೋನು ಎರಡು ಸಲ ರಿಂಗಾಗಿ ನಿಂತಿತು. ಅವರು ತೆಗೆದು ನೋಡಿ, ಉತ್ತರಿಸದೆ ಮತ್ತೆ ಜೇಬಿಗಿಟ್ಟರು. "ಮನೆಯಿಂದ. ಹಾಲು ತರಬೇಕು ಅಂತ" ಎಂದರು. ಮೊದಲು ಬಸವರಾಜ ನಕ್ಕ, ಆಮೇಲೆ ನಾನು, ಕೊನೆಗೆ ಅವರೂ ನಕ್ಕರು. ಆ ಕಾಲದಲ್ಲಿ ಈ ಊರುಗಳಲ್ಲಿ ಮಿಸ್ಡ್ ಕಾಲ್ ಇಲ್ಲದೆ ಯಾರ ಬದುಕು ನಡೆಯುತ್ತಿತ್ತು? ನಾನು ಠಾಣೆಯಲ್ಲಿ ಲೋಕಲ್ ಹತ್ತಿ ಒಂದು ಕೊಟ್ಟರೆ ಅಮ್ಮ ಅನ್ನಕ್ಕಿಡುತ್ತಿದ್ದರು. ಹಗಲೆಲ್ಲ ಅದನ್ನೇ ಕೊಟ್ಟು ತೆಗೆದುಕೊಳ್ಳುವ ನಾವಿಬ್ಬರು ಕೂತು ಬರೆದ ಚಿತ್ರದಲ್ಲಿ ಅದಕ್ಕೊಂದು ಚೌಕವೇ ಇರಲಿಲ್ಲ.

ಪ್ರಸನ್ನ ಅದಕ್ಕೆ ದಾರಿ ಹುಡುಕಿದರು. ಕಪಾಟಿನ ಮೇಲೆ ಸಿಮ್ ಹಾಕಿದ ಒಂದು ಸಣ್ಣ ಮೋಡೆಮ್ ಇಟ್ಟರು. ಅದು ಕರೆ ಎತ್ತುವುದಿಲ್ಲ, ಯಾರ ನಂಬರೆಂದು ನೋಡಿ ಚಿತ್ರಕ್ಕೆ ತಿಳಿಸುತ್ತದೆ. ಹೊರಟಾಗ ಒಂದು ಮಿಸ್ಡ್ ಕಾಲ್, ಕೊಟ್ಟಾದ ಮೇಲೆ ಇನ್ನೊಂದು. ಪಟ್ಟಿಯಲ್ಲಿ ಅದಕ್ಕೆ ಆಕಾರವಿರಲಿಲ್ಲವಾದ್ದರಿಂದ ಲಕೋಟೆಯ ಜಾಗದಲ್ಲಿ ಸಣ್ಣದೊಂದು ಫೋನಿನ ಚಿತ್ರ ನಾವೇ ಮಾಡಿ ಅಂಟಿಸಿದೆವು. ಎರಡು ವ್ಯಾನು ಹೋಗುವುದು ಅಂದಿಗೆ ನಿಂತಿತು. ಬಸವರಾಜ ದಿವಾದ ತನ್ನ ಚಾಳಿನ ಸಾಲುಮನೆಗಳಲ್ಲೆಲ್ಲ ಕಂಪನಿಯ ಕಂಪ್ಯೂಟರಿಗೆ ಬುದ್ಧಿ ಕಲಿಸಿದವನು ತಾನೇ ಎಂದು ಸಾರಿಕೊಂಡು ಬಂದನಂತೆ.

ಆಗಸ್ಟಿನ ಒಂದು ಬೆಳಿಗ್ಗೆ ನಾನು ಆಫೀಸು ಮುಟ್ಟಿದ ಹಿಂದೆಯೇ ಲೋಕಲ್‌ಗಳು ನಿಂತವು. ಆಕಾಶ ಒಂದೇ ಸಮನೆ ಸುರಿಯುತ್ತಿತ್ತು. ಮುಂಬ್ರಾದಲ್ಲಿ ರಸ್ತೆ ಮುಚ್ಚಿದೆ, ಕುರ್ಲಾದಲ್ಲಿ ಹಳಿ ಕಾಣುತ್ತಿಲ್ಲ ಎಂದು ಸುದ್ದಿ. ಊಟದ ಡಬ್ಬಿ ತೆರೆಯುವ ಹೊತ್ತಿಗೆ ಅಮ್ಮನ ಫೋನು ಬಂತು. ಮಿಸ್ಡ್ ಕಾಲಲ್ಲ, ನಿಜವಾದ ಕರೆ.

"ದಿನೇಶ ಮೆಟ್ಟಿಲಲ್ಲಿ ಜಾರಿ ಬಿದ್ದ. ಎಡಗಾಲು. ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತು ನರ್ಸಿಂಗ್ ಹೋಮಿಗೆ ತಂದಿದ್ದಾರೆ. ಆರ್ಡರ್ ಹಾಕಿದ್ದಾರಂತೆ. ನೀನು ಅಲ್ಲೇ ಇದ್ದೀಯಲ್ಲ, ಯಾರಿಗಾದರೂ ಹೇಳು ಮಗಾ."

ಪರದೆ ತೆರೆದರೆ ಆರ್ಡರ್ ಬಂದಿತ್ತು. ಹೆಸರಿಲ್ಲ, ಬರೀ ಒಂದು ಸಂಖ್ಯೆ, ನಮ್ಮ ಬೀದಿಯ ನರ್ಸಿಂಗ್ ಹೋಮು, ತುರ್ತು. ವೃತ್ತ ಹಸಿರಾಗಿತ್ತು. ಬಾಣ ಮೂರು ಕವಲಾಯಿತು. ನಮ್ಮ ಕೆಳಗಿನ ಗೋದಾಮು 'ಇಲ್ಲ' ಎಂದಿತು. ನೆರೂಳ ಉತ್ತರಿಸುವ ಮೊದಲೇ ಕಲ್ಯಾಣ 'ಇದೆ' ಎಂದಿತು. ನನಗೆ ಉಸಿರು ಬಂತು. ಕಲ್ಯಾಣವೆಂದರೆ ಡೊಂಬಿವಲಿಯ ಪಕ್ಕದ ಮನೆ. ಇಂಜೆಕ್ಷನ್ ತೆಗೆದಿರಿಸಿದ ಚೌಕ ಹಸಿರಾಯಿತು, ಅಲ್ಲಿಯ ಡ್ರೈವರಿಗೆ ಸಂದೇಶ ಹೋಯಿತು. ಫೋನಿನ ಚಿತ್ರದ ಚೌಕ ಹಳದಿಯಾಗಿ ನಿಂತಿತು. ಕಾಯುತ್ತಿದೆ ಎಂದರ್ಥ.

ನಾನು ಕಪಾಟಿನ ಮೇಲಿನ ಮೋಡೆಮ್ಮನ್ನೇ ನೋಡುತ್ತಾ ಕೂತೆ. ಅದು ಮಿನುಗಲಿಲ್ಲ. ಗಡಿಯಾರದ ಗಡುವು ಕರಗುತ್ತಾ ಬಂತು. ನಾನು ಮೇಜಿನ ಫೋನು ಎತ್ತಿ ಕಲ್ಯಾಣದ ನಂಬರು ಒತ್ತತೊಡಗಿದೆ. ಪ್ರಸನ್ನ ಬಂದು ಕೈ ಅಡ್ಡ ಇಟ್ಟರು. ಅಣ್ಣನ ವಿಷಯ ಅವರಿಗೆ ಗೊತ್ತಿತ್ತು.

"ಮುಟ್ಟಬೇಡಿ ಜಯಶ್ರೀ."

"ಅಲ್ಲಿ ಯಾರಿಗಾದರೂ ಹೇಳಿ ಇನ್ನೊಂದು ಗಾಡಿಯಲ್ಲಿ ಕಳಿಸ್ತೇನೆ. ನನ್ನ ಅಣ್ಣ ಸಾರ್."

"ಗೊತ್ತು. ನೀವು ಅಲ್ಲಿ ಯಾರಿಗೋ ಹಿಡಿದಿಟ್ಟುಕೋ ಅಂತೀರಿ, ಅವರು ಹಿಡಿದಿಟ್ಕೊಂಡು ಕೂತ್ಕೋತಾರೆ. ಚಿತ್ರಕ್ಕೆ ಅದು ಗೊತ್ತಾಗಲ್ಲ. ಎರಡೂ ಕಡೆ ಕೆಡತ್ತೆ. ಇದಕ್ಕೇ ಅಲ್ವಾ ನಾವು ಬರೆದದ್ದು? ಒಂದು ನಿಮಿಷ ನಂಬಿ."

ನಂಬಿಕೆ ಎಂಬ ಮಾತು ಕೇಳಿ ನನಗೆ ಅವರ ಮೇಲೆ ಕೆಂಡದಂಥ ಸಿಟ್ಟು ಬಂತು. ಆದರೂ ಫೋನು ಕೆಳಗಿಟ್ಟೆ. ಗಡುವು ಮುಗಿಯಿತು. ನಾನು ಮುಖ ಊದಿಸಿಕೊಂಡು ಬರೆದಿದ್ದ ಚುಕ್ಕಿ ಗೆರೆಯ ಬಾಣ ಹೊತ್ತಿಕೊಂಡಿತು. ಡ್ರೈವರಿಗೆ ಬೇಡವೆಂದು ಸಂದೇಶ ಹೋಯಿತು, ತೆಗೆದಿರಿಸಿದ ಇಂಜೆಕ್ಷನ್ ಗೋದಾಮಿಗೆ ವಾಪಸು ಸೇರಿತು. ಅಣ್ಣನ ಮೊಣಕಾಲು ನನ್ನ ಕಣ್ಣೆದುರೇ ಒಂದೊಂದೇ ಚೌಕ ಹಿಂದೆ ಸರಿಯುತ್ತಿತ್ತು. ನಾನು ಅಳುತ್ತಿದ್ದೆನೆಂದು ಆಮೇಲೆ ಪ್ರಸನ್ನ ಹೇಳಿದರು, ನನಗೆ ಗೊತ್ತಾಗಿರಲಿಲ್ಲ.

ಅಷ್ಟರಲ್ಲಿ ನೆರೂಳದ ಚೌಕ ಹಸಿರಾಯಿತು. ಅಲ್ಲಿ ಇತ್ತು. ಆ ದಿನ ನೆರೂಳದಲ್ಲಿ ಇದ್ದ ಡ್ರೈವರ್ ಬಸವರಾಜ. ಸಂದೇಶ ಹೋಯಿತು. ಫೋನಿನ ಚಿತ್ರ ಹಳದಿಯಾದದ್ದಷ್ಟೇ, ಕಪಾಟಿನ ಮೇಲೆ ಮೋಡೆಮ್ ಪಿಳಿಪಿಳಿ ಎಂದಿತು. ಚೌಕ ಹಸಿರು. ನಾನು ಕುರ್ಚಿ ಬೀಳುವ ಹಾಗೆ ಎದ್ದು ನಿಂತೆ.

ಆಮೇಲೆ ಬಹಳ ಹೊತ್ತು ಏನೂ ಆಗಲಿಲ್ಲ. ಕೊನೆಯ ಫೋನಿನ ಚೌಕ ಹಳದಿಯಾಗಿಯೇ ಇತ್ತು. ಆ ಹೊತ್ತಿನಲ್ಲಿ ಬಸವರಾಜ ಮಹಾಪೆ ದಾಟಿ ಶಿಲ್‌ಫಾಟಾದ ನೀರಿನಲ್ಲಿ ಒಂದು ಲಾರಿಯ ಹಿಂದೆ ಅಂಟಿಕೊಂಡು ಬರುತ್ತಿದ್ದನೆಂದು ಅವನ ಬಾಯಲ್ಲೇ ಆಮೇಲೆ ಕೇಳಿದೆ. ಪ್ರತಿ ಸಲ ಹೇಳುವಾಗಲೂ ಆ ನೀರು ಒಂದು ಗೇಣು ಏರುತ್ತಿತ್ತು. ನನಗೆ ಕಂಡದ್ದು ಬರೀ ಹಳದಿ ಚೌಕ. ಅದನ್ನು ನೋಡುತ್ತಾ ನನಗೆ ಒಂದು ಮಾತು ಹೊಳೆಯಿತು. ಈ ಚಿತ್ರಕ್ಕೆ ಅಣ್ಣ ಯಾರೆಂದು ಗೊತ್ತಿಲ್ಲ. ನಾನು ಅವನ ತಂಗಿ ಎಂದೂ ಗೊತ್ತಿಲ್ಲ. ಯಾರ ಶಿಫಾರಸೂ ಇಲ್ಲದೆ, ಯಾರ ಕೈಯೂ ತಾಗದೆ, ಒಬ್ಬ ಅಪರಿಚಿತನಿಗಾಗಿ ಅದು ಒಂದು ಬಾಗಿಲು ತಟ್ಟಿ, ಅಲ್ಲಿ ಆಗದೆಂದು ತಿಳಿದು, ಬೇರೆ ಬಾಗಿಲಿಗೆ ಹೋಗಿತ್ತು. ಸಂಜೆಗೆ ಮುಂಚೆ ಆ ಚೌಕ ಹಸಿರಾಯಿತು. ಅದರ ಹಿಂದೆಯೇ ಅಮ್ಮನ ಕರೆ ಬಂತು.

ಕಾಲು ಉಳಿಯಿತು. ಹದಿನೈದು ದಿನ ಹಾಸಿಗೆ ಹಿಡಿದರೂ ಮೊಣಕಾಲು ಮೊದಲು ಎಷ್ಟು ಮಡಚುತ್ತಿತ್ತೋ ಅಷ್ಟೇ ಮಡಚಿತು. ಡಾಕ್ಟರು ಮುಟ್ಟಿ ನೋಡಿ "ಲಕ್ಕೀ ಆಹೇಸ್", ನಿನ್ನ ಅದೃಷ್ಟ ದೊಡ್ಡದು ಎಂದರಂತೆ. ಆ ದಿನದ ಕಥೆಯನ್ನು ನಾನು ಅಣ್ಣನಿಗೆ ಹಾಸಿಗೆಯ ಪಕ್ಕ ಕೂತು ಚೌಕ ಚೌಕವಾಗಿ ಹೇಳಿದೆ. ಕಲ್ಯಾಣದ ಡ್ರೈವರ್ ಗೋದಾಮಿಗೆ ಬರುವ ಮೊದಲೇ ನೀರಿನಲ್ಲಿ ಸಿಕ್ಕಿ, ಅವನ ಫೋನು ಒದ್ದೆಯಾಗಿ ಸತ್ತಿತ್ತೆಂದೂ ಹೇಳಿದೆ. ಅಣ್ಣ ಯಾವ ಕೊಂಕು ಮಾತೂ ಆಡದೆ ಕೇಳಿದ.

"ನನ್ನದೆಂದು ಇಟ್ಟು, ಆಮೇಲೆ ವಾಪಸು ಹೋಯಿತಲ್ಲ ಕಲ್ಯಾಣದ ಇಂಜೆಕ್ಷನ್. ಅದು ಎಂತಾಯಿತು?"

"ಅದೇ ದಿನ ಇನ್ನೊಬ್ಬರಿಗೆ ಹೋಯಿತು. ಕಲ್ಯಾಣದಲ್ಲೇ, ನಡೆದು ಹೋಗುವಷ್ಟು ಹತ್ತಿರದ ನರ್ಸಿಂಗ್ ಹೋಮಿಗೆ. ಗೋದಾಮಿನವನು ಕೈಯಲ್ಲಿ ಹಿಡಿದುಕೊಂಡೇ ಹೋಗಿ ಕೊಟ್ಟನಂತೆ."

"ಯಾರಿಗೆ?"

"ಹೆಸರು ಕಾಣುವುದಿಲ್ಲ. ನಂಬರು ಮಾತ್ರ."

ಅವನು ಗೋಡೆ ಕಡೆ ತಿರುಗಿದ. ನೋವಿರಬೇಕೆಂದು ನಾನು ಎದ್ದೆ. "ನಾನು ಅದನ್ನು ಒಮ್ಮೆ ನೋಡಬೇಕು" ಎಂದ. "ನಿನ್ನ ಚಿತ್ರವನ್ನು."

ಗಣಪತಿ ವಿಸರ್ಜನೆ ಮುಗಿದು ಮಳೆ ಸಡಿಲವಾದ ಮೇಲೆ ಒಂದು ದಿನ ಬಸವರಾಜ ಖಾಲಿ ವ್ಯಾನಿನಲ್ಲಿ ಡೊಂಬಿವಲಿಗೆ ಬಂದು ಅಣ್ಣನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟ. "ನಿಮ್ಮಣ್ಣಾರನ್ನ ಹೂವಿನ ಹಂಗ ತಂದೇನ್ರಿ ಅಕ್ಕಾರ" ಎಂದು ಆಫೀಸಿನ ಗೇಟಿನಲ್ಲೇ ಕೂಗಿದ. ಡೊಂಬಿವಲಿಯಿಂದ ಠಾಣೆಗೆ ಹೊತ್ತು ಗೊತ್ತಿಲ್ಲದೆ ಲೋಕಲ್ ಓಡುತ್ತಿರುತ್ತದೆ, ಆದರೂ ಅಣ್ಣ ಠಾಣೆ ನೋಡದೆ ವರ್ಷಗಳೇ ಆಗಿದ್ದವು. ಮೆಟ್ಟಿಲು ಹತ್ತಲು ಪ್ರಸನ್ನ ಒಂದು ಬದಿ, ಬಸವರಾಜ ಇನ್ನೊಂದು ಬದಿ ನಿಂತರು.

ನನ್ನ ಕುರ್ಚಿಯಲ್ಲಿ ಅವನನ್ನು ಕೂರಿಸಿ, ಆ ಆಗಸ್ಟ್ ದಿನದ ಅವನ ಸಂಖ್ಯೆಯನ್ನು ತೆರೆದೆ. ಅವನು ಪರದೆಗೆ ಬೆರಳು ತಾಗಿಸಿ ಹಸಿರು ದಾರಿಯಲ್ಲಿ ನಿಧಾನವಾಗಿ ಸಾಗಿದ. ಕಲ್ಯಾಣಕ್ಕೆ ಹೋಗಿ ಚುಕ್ಕಿ ಗೆರೆಯಲ್ಲಿ ಹಿಂದೆ ಬಂದು ನೆರೂಳಕ್ಕೆ ಹೋದ. ಆಮೇಲೆ ನಾನು ಇನ್ನೊಂದು ಪುಟ ತೋರಿಸಿದೆ. ಆ ಕ್ಷಣದಲ್ಲಿ ನಡೆಯುತ್ತಿದ್ದ ಆರ್ಡರುಗಳ ಸಾಲು. ಯಾವುದನ್ನು ಒತ್ತಿದರೂ ಅದೇ ಚಿತ್ರ ತೆರೆದುಕೊಳ್ಳುತ್ತದೆ, ಒಂದರಲ್ಲಿ ಹಸಿರು ಇಲ್ಲಿಯವರೆಗೆ, ಇನ್ನೊಂದರಲ್ಲಿ ಅಲ್ಲಿಯವರೆಗೆ.

"ಚಿತ್ರ ಒಂದೇ ಅಲ್ವಾ?" ಅಣ್ಣ ಕೇಳಿದ.

"ಒಂದೇ."

"ಒಬ್ಬೊಬ್ಬರಿಗೂ ಅವರಿಗೆಂದೇ ಬರೆದ ಹಾಗೆ ಉಂಟಲ್ಲ ಮಾರಾಯ್ತಿ!" ಅಣ್ಣ ಬಾಯಿಬಿಟ್ಟು ಬೆರಗಾದದ್ದನ್ನು ನಾನು ಆವರೆಗೆ ನೋಡಿರಲಿಲ್ಲ. "ಇದರಲ್ಲಿ ನನ್ನ ಇಂಜೆಕ್ಷನ್ನಿನವರು ಎಷ್ಟು ಜನ?"

ನಾನು ಹುಡುಕಿ ತೋರಿಸಿದೆ. ಉಲ್ಲಾಸನಗರದ ಒಬ್ಬರು, ವಾಶಿಯ ಒಬ್ಬರು. ಈ ಕಾಯಿಲೆಯವರು ಇನ್ನೊಬ್ಬರು ಇದ್ದಾರೆಂದು ಅವನು ಓದಿ ಬಲ್ಲವನೇ ಹೊರತು ಯಾರನ್ನೂ ಕಂಡವನಲ್ಲ. ಅಷ್ಟರಲ್ಲಿ ಸಾಲಿನ ತುದಿಯಲ್ಲಿ ಹೊಸದೊಂದು ಮೂಡಿತು. ಕಲ್ಯಾಣದ ನರ್ಸಿಂಗ್ ಹೋಮು, ತುರ್ತು, ಅದೇ ಇಂಜೆಕ್ಷನ್. ಕಲ್ಯಾಣದ ಗೋದಾಮು ಇಲ್ಲವೆಂದಿತು, ನಮ್ಮದು ಇದೆ ಎಂದಿತು. ನಮ್ಮ ಬೆನ್ನ ಹಿಂದೆ ಚಹಾ ಕುಡಿಯುತ್ತಿದ್ದ ಬಸವರಾಜನ ಜೇಬಿನಲ್ಲಿ ಎಸ್ಸೆಮ್ಮೆಸ್ ಸದ್ದಾಯಿತು. ಅವನು ಅಲ್ಲೇ ನಿಂತು ಮಿಸ್ಡ್ ಕಾಲ್ ಕೊಟ್ಟ. ಅಣ್ಣನ ಮೂಗಿನ ಎದುರೇ ಚೌಕ ಹಸಿರಾಯಿತು.

"ನಡೀರಿ ಅಣ್ಣಾರ. ದಾರಿ ಮ್ಯಾಲ ಡೊಂಬಿವಲ್ಯಾಗ ನಿಮ್ಮನ್ನ ಇಳಿಸಿ ಕಲ್ಯಾಣಕ್ಕ ಹೊಕ್ಕೇನಿ."

"ಬೇಡ," ಅಣ್ಣ ಎದ್ದು ನಿಂತ. "ಮೊದಲು ಅವರದ್ದು ಮುಟ್ಟಿಸುವ. ನನ್ನನ್ನು ಬರುವಾಗ ಇಳಿಸು."

ರಸ್ತೆಯ ಗುಂಡಿಗಳು, ಅಷ್ಟು ದೂರ ಮಡಚಿಟ್ಟುಕೊಂಡ ಮೊಣಕಾಲು, ಏನೇನೋ ಹೇಳಿ ನಾನು ತಡೆಯಲು ನೋಡಿದೆ. ಅವನು ಕೇಳಿಸಿಕೊಳ್ಳದೆ ಮೆಟ್ಟಿಲಿಳಿಯುತ್ತಿದ್ದ. ವ್ಯಾನು ಗೇಟು ದಾಟಿತು. ಆ ಮಧ್ಯಾಹ್ನವಿಡೀ ನಾನು ಬೇರೆ ಕೆಲಸ ಮಾಡಿದ್ದು ಸುಳ್ಳು, ಆ ಒಂದು ಸಂಖ್ಯೆಯನ್ನು ತೆರೆದಿಟ್ಟುಕೊಂಡೇ ಕೂತಿದ್ದೆ. ಬಿಸಿಲು ಓರೆಯಾದ ಮೇಲೆ ಮೋಡೆಮ್ ಮಿನುಗಿತು. ಕೊನೆಯ ಚೌಕ ಹಸಿರಾಯಿತು, ಅದರಾಚೆಯ ದಪ್ಪ ವೃತ್ತವೂ. ಅಲ್ಲಿಗೆ ಚಿತ್ರ ಮುಗಿಯುತ್ತದೆ. ಮರುಗಳಿಗೆಗೆ ನನ್ನ ಫೋನು ರಿಂಗಾಯಿತು. ನಿಲ್ಲುತ್ತದೆಂದು ಕಾದೆ, ನಿಲ್ಲಲಿಲ್ಲ. ಎತ್ತಿದೆ.

"ಕೊಟ್ಟಾಯಿತು," ಅಣ್ಣ ಪಿಸುಮಾತಿನಲ್ಲಿ ಹೇಳಿದ. ಹಿಂದೆ ಆಸ್ಪತ್ರೆಯ ಓಣಿಯ ಗದ್ದಲ. "ಒಬ್ಬರು ಮಾಸ್ತರು. ಅವರಿಗೂ ಮೊಣಕಾಲೇ. ಈಗ ಒಳಗೆ ಚುಚ್ಚುತ್ತಾ ಇದ್ದಾರೆ."

"ಸರಿ, ಇನ್ನು ಹೊರಡಿ. ಕತ್ತಲಾಗುವ ಮೊದಲು ಮನೆ ಸೇರು. ಇಲ್ಲಿ ಎಲ್ಲ ಮುಗಿಯಿತು."

"ನಿನ್ನದು ಮುಗಿಯಿತು. ಅವರಿಗೆ ನೋವು ಇಳಿಯಲಿಕ್ಕೆ ಇನ್ನೂ ಹೊತ್ತು ಉಂಟು, ನನಗೆ ಗೊತ್ತಲ್ಲ. ಜೊತೆಗೆ ಯಾರೂ ಇಲ್ಲ. ಬಸವರಾಜನಿಗೆ ಹೇಳಿದ್ದೇನೆ, ನಾನು ಸ್ವಲ್ಪ ಹೊತ್ತು ಅವರ ಹತ್ತಿರ ಕೂತು ಬರುತ್ತೇನೆ."